ಎಕ್ಸಿಟ್ ಪೋಲ್ ಮತ್ತ ನನ್ನ ಭಿಶಿ ರೊಕ್ಕ

ನಮ್ಮನಿಯವರು ರಿಟೈರ್ ಆದ ಮ್ಯಾಲೆ ನಮ್ಮ ಮನ್ಯಾಗ ಟಿವಿಗೆ ಪುರಸೊತ್ತ ಇಲ್ಲ. ಮೂವತ್ತ ವರ್ಷ ಸಾಲ್ಯಾಗ ಗಣಿತಾ ಕಲಿಸಿದವರು, ಈಗ ಟಿವಿಯವರು ಹೇಳೋ ಲೆಕ್ಕಾ ಬರಕೋತ ಕೂಡ್ತಾರ. ಖರೇನ ಬರಕೋತಾರ್ರಿ, ಹಳೇ ಡೈರಿಯೊಳಗ, ಪಕ್ಷಕ್ಕೊಂದ ಕಾಲಂ ಹಾಕಿ. ನಾ ಕಿರಾಣಿ ಲೆಕ್ಕಾ ಬರೀರಿ ಅಂದ್ರ ಮಾತ್ರ ಪೆನ್ನ ಸಿಗೂದಿಲ್ಲ.

2024ರ ಮೇ 7ಕ್ಕ ನಮ್ಮ ಧಾರವಾಡದ್ದು ಲೋಕಸಭಾ ಮತದಾನ ಇತ್ತು. ಬಿಸಲ ಏರೂದ್ರಾಗ ಮುಗಿಸಿ ಬರೂಣು ಅಂತ ಮುಂಜಾನೆ ಏಳಕ್ಕ ಹೋದ್ವಿ. ಬೆರಳಿಗೆ ಶಾಯಿ ಹಚಿಗೊಂಡ ಹೊರಗ ಬಂದ್ರ, ಸ್ವಲ್ಪ ದೂರದಾಗ ಬೇವಿನ ಗಿಡದ ಬುಡಕ ಒಬ್ಬ ಹುಡುಗಾ ಟ್ಯಾಬ್ ಹಿಡಕೊಂಡ ನಿಂತಿದ್ದಾ. "ಸರ್, ಒಂದ ನಿಮಿಷ, ಸರ್ವೇ ಮಾಡ್ಲಿಕತ್ತೀವಿ" ಅಂದಾ. ನಮ್ಮನಿಯವರು ಅವಾ ಕೇಳೂಕಿಂತ ಮೊದಲ ಓಣಿಗೆಲ್ಲಾ ಕೇಳೂಹಂಗ ಹೇಳಿದ್ರು. ಆಮ್ಯಾಲೆ ಹುಡುಗಾ ನನ್ನ ಕಡೆ ತಿರುಗಿ "ಮೇಡಂ, ನೀವು?" ಅಂದಾ. ನಮ್ಮನಿಯವರು ನನ್ನ ಮಾರಿ ನೋಡಿದ್ರು. ಹಿಂದ ಅವರ ಜೋಡಿ ವಾಕಿಂಗ್ ಬರೋ ಇಬ್ಬರು ನಿಂತಿದ್ರು. "ಅವರು ಹೇಳಿದ್ದ ನಂದೂ" ಅಂದೆ. ಹುಡುಗಾ ಟಕ್ ಅಂತ ಒತ್ತಿದಾ.

ನಾ ಒಳಗ ಒತ್ತಿ ಬಂದಿದ್ದು ಬ್ಯಾರೆ ಇತ್ತು.

ಯಾವದು ಅಂತ ನಿಮಗೂ ಹೇಳೂದಿಲ್ಲ ಬಿಡ್ರಿ. ಹೆದರಿ ಸುಳ್ಳ ಹೇಳಿದ್ದಲ್ಲ, ನಮ್ಮನಿಯವರು ಬಡಿಯೋ ಪೈಕಿ ಅಲ್ಲ. ಆದ್ರ ನಿಂತ ಜಾಗಾದಾಗ ಹಂಗ ಹೇಳಿದ್ರ ಮನೀತನಕ ದಾರಿ ತುಂಬ ವಾದ, ಆಮ್ಯಾಲೆ ಊಟಕ್ಕೂ ಅದ, ರಾತ್ರಿಗೂ ಅದ. ಯಾವಾಕಿಗೆ ಬೇಕ್ರಿ ಅದು?

ಎಲ್ಲಾ ಹಂತದ ಮತದಾನ ಮುಗಿಯೂತನಕಾ ಎಕ್ಸಿಟ್ ಪೋಲ್ ಹೇಳಬಾರದು ಅಂತ ಕಾನೂನ ಅದ. ಹಿಂಗಾಗಿ ನನ್ನ ಆ ಸುಳ್ಳು ಬರೋಬ್ಬರಿ ಇಪ್ಪತ್ತೈದ ದಿವಸ ಎಲ್ಲೋ ಕಂಪ್ಯೂಟರನ್ಯಾಗ ಮಲಗಿತ್ತು. ಜೂನ್ 1ಕ್ಕ, ಶನಿವಾರ ಸಂಜಿಮುಂದ, ಎದ್ದು ಹೊರಗ ಬಂತು.

ಅವತ್ತ ನಮ್ಮ ಮನ್ಯಾಗ ಜಾತ್ರಿ. ವಾಕಿಂಗ್ ಮಂದಿ ಎಲ್ಲಾ ಬಂದ ಕೂತಿದ್ರು. ನಾ ಗಿರ್ಮಿಟ್ ಮಾಡಿ, ಮಿರ್ಚಿ ಕರದು, ಎರಡ ಸರ್ತೆ ಚಹಾ ಕೊಟ್ಟೆ. ಅಡಗಿ ಮನಿಯಿಂದ ಕೇಳಿದ್ರ ಅದು ಸುದ್ದಿ ಅನಸಲೇ ಇಲ್ಲ, ಲಗ್ನದ ಮನಿ ಬ್ಯಾಂಡ್ ಅನಸ್ತು. ಹೆಚ್ಚಿನವೆಲ್ಲಾ ಎನ್‌ಡಿಎಗೆ 350ರ ಮ್ಯಾಲೆ ಕೊಟ್ಟಿದ್ವು, ಕೆಲವು 400ರ ತನಕ ಮುಟ್ಟಿಸಿದ್ವು. ನಂಗ ಒಂದ ಮಾತ ಅವತ್ತ ಚುಚ್ಚಿತು. 400 ದಾಟಸ್ತೀವಿ ಅನ್ನೂದು ಒಂದ ಪಕ್ಷದ ಘೋಷಣಾ. ಪಕ್ಷದವರು ಅನ್ನಲಿ, ಅದು ಅವರ ಕೆಲಸ. ಆದ್ರ ಟಿವಿಯವರೂ ಅದನ್ನ ಪ್ರಶ್ನಿ ಮಾಡಿಕೊಂಡು "400 ದಾಟತದೋ ಇಲ್ಲೋ?" ಅಂತ ಕೂತಿದ್ರು. ಗೆಲ್ಲತಾರೋ ಇಲ್ಲೋ ಅಂತ ಯಾರೂ ಕೇಳವಲ್ರು. ಲಗ್ನ ಆಗೇ ಬಿಟ್ಟದ, ಬೀಗರ ಊಟಕ್ಕ ಎಷ್ಟ ಎಲಿ ಅನ್ನೂದಷ್ಟ ಉಳದದ ಅನ್ನೂಹಂಗ.

ನಮ್ಮನಿಗೆ ಭಾಂಡೆ ತಿಕ್ಕಲಿಕ್ಕೆ ಬರಾಕಿ ಹಿತ್ತಲ ಬಾಗಲದಾಗ ನಿಂತ ಎಲ್ಲಾ ಕೇಳಿ, "ಅಕ್ಕಾರ, ನಮ್ಮೂರಾಗ ಯಾರೂ ಬಂದ ಕೇಳಿಲ್ರಿ, ಇವರಿಗೆ ಹೆಂಗ ಗೊತ್ತಾತ್ರಿ?" ಅಂದಳು. ನಾ ಸುಮ್ನ ಮಿರ್ಚಿ ಕೊಟ್ಟ ಕಳಿಸಿದೆ.

ಈಗ ರೊಕ್ಕದ ಮಾತಿಗೆ ಬರ್ತೀನಿ. ನಮ್ಮ ಓಣಿ ಹೆಣ್ಣಮಕ್ಕಳ ಭಿಶಿಯೊಳಗ ನಂದು ಮೇ ತಿಂಗಳದಾಗ ಎದ್ದಿತ್ತು, ಒಂದೂವರಿ ಲಕ್ಷ. ಜುಲೈದಾಗ ಮಗಳ ಕುಬಸ ಇತ್ತು. ಎರಡ ತೊಲಿ ಬಿಲ್ವಾರ ಹಾಕಬೇಕು ಅಂತ ವರ್ಷಗಟ್ಲೆ ಕೂಡಿಟ್ಟಿದ್ದು. ಸೋಮವಾರ ಜೂನ್ 3ಕ್ಕ ಮುಂಜಾನೆ ಶೇರ್ ಪ್ಯಾಟಿ ರಾಕೆಟ್ ಹಾರಿದಂಗ ಹಾರಿತು. ಅವತ್ತೊಂದ ದಿವಸ ಸೆನ್ಸೆಕ್ಸ್ 2500 ಅಂಶ ಏರ್ತು. ನಮ್ಮನಿಯವರು ಅಡಗಿ ಮನಿ ಬಾಗಲಕ ಬಂದು, "ಏ, ಆ ರೊಕ್ಕಾ ಒಂದ ವಾರ ಕೊಡು. ಸರ್ಕಾರಿ ಕಂಪನಿ ಶೇರ್ ತೊಗೋತೀನಿ. ಬಿಲ್ವಾರದ ಜೋಡಿ ಝುಮಕಿನೂ ಬರ್ತಾವ" ಅಂದ್ರು. ಡೈರಿನೂ ತಂದಿದ್ರು. "ನೋಡಿಲ್ಲೆ, ಹೋದ ವರ್ಷ ನಮ್ಮ ವಿಧಾನಸಭಾಕ್ಕ ಒಂದ ಕಂಪನಿ ಕಾಂಗ್ರೆಸ್ಸಿಗೆ 122ರಿಂದ 140 ಅಂದಿತ್ತು. ಬಂದದ್ದೆಷ್ಟು? 135! ಅವರ ಈಗ 361ರಿಂದ 401 ಅಂದಾರ. ಗಣಿತಾ ಸುಳ್ಳ ಹೇಳ್ತದೇನು?"

ಗಣಿತಾ ಹೇಳೂದಿಲ್ಲ, ಗಣಿತಕ್ಕ ಉತ್ತರಾ ಕೊಟ್ಟಾಕಿ ಹೇಳ್ಯಾಳ ಅಂತ ನಂಗ ಗೊತ್ತಿತ್ತು. ಬಾಯಿತನಕ ಬಂತು. ನನ್ನಂಥಾಕಿ ಬೇವಿನ ಗಿಡದ ಬುಡಕ ಇನ್ನೆಷ್ಟ ಮಂದಿ ಇದ್ದಿರಬಹುದು ಅಂತನೂ ಅನಸ್ತು. ಆದ್ರ ಅದನ್ನ ಹೇಳಬೇಕಂದ್ರ ಮೊದಲ ಇದನ್ನ ಹೇಳಬೇಕು. ಸುಮ್ನ ಚೆಕ್ಕಿಗೆ ಸಹಿ ಮಾಡಿ ಕೊಟ್ಟೆ.

ಮಂಗಳವಾರದ್ದು ನಿಮಗೆಲ್ಲಾ ಗೊತ್ತದ. ಎನ್‌ಡಿಎ 293, ಬಿಜೆಪಿ ಒಂದಕ್ಕ 240, ಬಹುಮತಕ್ಕ ಬೇಕಾದದ್ದು 272. ಉತ್ತರ ಪ್ರದೇಶದ 80ರಾಗ 33 ಅಷ್ಟ. ಅಯೋಧ್ಯಾ ಇರೋ ಫೈಜಾಬಾದನ್ಯಾಗೂ ಸೋತರು. ನಮ್ಮ ರಾಜ್ಯದಾಗೂ 3ರಿಂದ 5 ಅಂದಿದ್ದ ಕಾಂಗ್ರೆಸ್ಸಿಗೆ 9 ಬಂದ್ವು. ಸೆನ್ಸೆಕ್ಸ್ ಏರಿದ್ದಷ್ಟೂ ಇಳದು, ಮ್ಯಾಲೆ ಇನ್ನಷ್ಟ ಸೇರಿ, 4300 ಅಂಶದ ಮ್ಯಾಲೆ ಬಿತ್ತು. ಅವತ್ತ ಟಿವಿಯೊಳಗ ಒಂದ ಸಮೀಕ್ಷಾ ಕಂಪನಿ ಯಜಮಾನರು ಎಲ್ಲಾರ ಎದುರಿಗೆ ಅತ್ತ ಬಿಟ್ರು. ನಂಗ ಅವರ ಮ್ಯಾಲೆ ಸಿಟ್ಟ ಬರಲಿಲ್ಲ, ಅಯ್ಯೋ ಅನಸ್ತು. ಅತ್ತವರು ಅವರು ಒಬ್ಬರ. ಬ್ಯಾಂಡ್ ಬಾರಿಸಿದವರು ಕೋಟಿನ ಗುಂಡಿ ಸರಿ ಮಾಡಿಕೊಂಡು "ಮತದಾರ ಜಾಣ" ಅಂತ ಹೊಸಾ ಚರ್ಚಾ ಸುರು ಮಾಡಿದ್ರು.

ನಮ್ಮನಿಯವರು ಮಧ್ಯಾಹ್ನ ಕೈ ನಡಗಿಕೋತ ಎಲ್ಲಾ ಮಾರಿದ್ರು. ಮಗಾ ಫೋನನ್ಯಾಗ "ಬ್ಯಾಡ ಅಪ್ಪಾ, ತಡೀರಿ" ಅಂದ್ರೂ ಕೇಳಲಿಲ್ಲ. ಹೋದದ್ದು 23 ಸಾವಿರದ ಮ್ಯಾಲೆ. ಸಂಕಟ ಏನಂದ್ರ, ಶುಕ್ರವಾರ ಅನ್ನೂದ್ರಾಗ ಸೆನ್ಸೆಕ್ಸ್ ಮೊದಲಿಗಿಂತ ಮ್ಯಾಲೆ ಹೋಗಿ ಕೂತಿತ್ತು. ಮೂರ ದಿವಸದ ಧೈರ್ಯ ಸಾಲಲಿಲ್ಲ.

ಬಿಲ್ವಾರ ಒಂದೂವರಿ ತೊಲಿಯೊಳಗ ಮಾಡಿಸಿದ್ವಿ. ಪತ್ತಾರ ಒಳಗ ಪೊಳ್ಳ ಮಾಡಿ ಕೊಟ್ಟಾ, ನೋಡಲಿಕ್ಕೆ ಹಂಗ ದಪ್ಪ ಕಾಣ್ತಾವ. ಮಗಳಿಗೆ ಇನ್ನೂ ಗೊತ್ತಿಲ್ಲ.

ಮನುಷ್ಯಾ ಒಂದ ಸರ್ತೆ ಸುಟ್ಟಕೊಂಡ್ರ ಕಲೀತಾನ ಅಂತೀರಿ. 2004ರಾಗೂ ಹಿಂಗ ಆಗಿತ್ತು. ಇಂಡಿಯಾ ಶೈನಿಂಗ್ ಅಂತ ಪೇಪರ ತುಂಬ ಜಾಹೀರಾತು, ಸಮೀಕ್ಷಾದಾಗೂ ವಾಜಪೇಯಿಯವರ ಸರ್ಕಾರನ ಮುಂದ. ಎಣಿಸಿದ್ರ ಕಾಂಗ್ರೆಸ್ 145, ಬಿಜೆಪಿ 138. ಆವಾಗ ನಮ್ಮ ಮಾವನವರು ಇದ್ರು, "ಇನ್ನ ಮ್ಯಾಲೆ ಇವರ ಮಾತ ನಂಬಬಾರದು" ಅಂತ ಪೇಪರ ಮಡಚಿ ಇಟ್ಟಿದ್ರು. ಅವರ ಮಗಾನೂ ಅಲ್ಲೇ ಕೂತ ಕೇಳಿದ್ರು.

ಮತ್ತ 2024ರ ಅಕ್ಟೋಬರ್ 8ಕ್ಕ ಹರಿಯಾಣಾದ್ದು. ಈ ಸರ್ತೆ ಉಲ್ಟಾ, ಎಲ್ಲಾರೂ ಕಾಂಗ್ರೆಸ್ ಅಂದಿದ್ರು. ಮುಂಜಾನೆ ಲಡ್ಡು-ಜಿಲೇಬಿ ಹಂಚೂದೂ ಆತು. ಹತ್ತೂವರಿ ಅನ್ನೂದ್ರಾಗ ತಿರುಗಿ, ಕಡೀಕ 90ರಾಗ ಬಿಜೆಪಿಗೆ 48, ಕಾಂಗ್ರೆಸ್ಸಿಗೆ 37. ಅವಾಗ ನಂಗ ಅನಸ್ತು, ಇವರಿಗೆ ಒಂದ ಪಕ್ಷದ ಪ್ರೀತಿ ಇರತದ ಅನ್ನೂದು ಅರ್ಧ ಮಾತು. ಉಳದರ್ಧ, ಮೊದಲನೇದವಾ ಏನಂದಾನೋ ಅದನ್ನ ಅಂದ್ರ ತಪ್ಪಾದ್ರೂ ಎಲ್ಲಾರ ಜೋಡಿ ತಪ್ಪತದ ಅನ್ನೋ ಧೈರ್ಯ.

ನಮ್ಮನಿಯವರು ಅವತ್ತ ಖುಷಿ ಆಗಬೇಕಿತ್ತು, ಅವರ ಪಕ್ಷನ ಗೆದ್ದಿತ್ತು. ಆದ್ರ ಡೈರಿ ತೊಡಿ ಮ್ಯಾಲೆ ಇಟಗೊಂಡ ಭಾಳೊತ್ತ ಸುಮ್ನ ಕೂತರು. ಆಮ್ಯಾಲೆ ಅಡಗಿ ಮನಿಗೆ ಬಂದ್ರು. ನಾ ರೊಟ್ಟಿ ಬಡೀಲಿಕತ್ತಿದ್ದೆ.

"ಅಲ್ಲ, ಹಂಗಾದ್ರ ಕೇಳಲಿಕ್ಕೆ ಬಂದವರ ಮುಂದ ಮಂದಿ ಸುಳ್ಳ ಹೇಳ್ತಾರೇನು?"

"ಹೇಳ್ತಿರಬೇಕ್ರಿ."

"ಯಾಕ ಹೇಳ್ತಾರ? ಅವರಿಗೇನ ಬರತದ ಅದರಾಗ?"

ನಾ ಹಂಚಿನ ಮ್ಯಾಲಿನ ರೊಟ್ಟಿಗೆ ನೀರ ಹಚ್ಚಿದೆ. ಅವರು ಇನ್ನೂ ಅಲ್ಲೇ ನಿಂತಿದ್ರು. "ನಿಮಗ ಬದನಿಕಾಯಿ ಎಣ್ಣಿಗಾಯಿ ಹಾಕ್ಲೋ, ಕಾಳಪಲ್ಯಾನೋ?" ಅಂದೆ.