ಪಾನಕವಲ್ಲದ ಪಾನಕ



ಮೂವತ್ನಾಲ್ಕು ವರ್ಷ ತರಗತಿಯಲ್ಲಿ ಮದ್ಯಪಾನದ ಕೇಡುಗಳನ್ನು ಬೋಧಿಸಿದ ನಿಮ್ಮ ವಿಜ್ಞಾನದ ಮೇಷ್ಟ್ರು, ಸ್ಪೇನ್ ದೇಶದಲ್ಲಿ ತಮ್ಮ ಕೈಯಾರೆ ಒಂದು ದೊಡ್ಡ ಹೂಜಿಯ ತುಂಬ ಕೆಂಪು ವೈನಿನ ಪಾನೀಯವನ್ನು ತಯಾರಿಸಿದರೆಂದರೆ ನೀವು ಹುಬ್ಬೇರಿಸುವುದು ಸಹಜ. ಕುಡಿದರೇ ಎಂಬ ಪ್ರಶ್ನೆಗೆ ಉತ್ತರ ಕೊನೆಯಲ್ಲಿದೆ, ಸ್ವಲ್ಪ ತಾಳ್ಮೆಯಿರಲಿ.

2023ರ ಜೂನ್ ತಿಂಗಳಲ್ಲಿ ನಾನೂ ನನ್ನಾಕೆಯೂ ಮ್ಯಾಡ್ರಿಡ್ ನಗರದಲ್ಲಿ ಉದ್ಯೋಗದಲ್ಲಿದ್ದ ಮಗಳು ಅಳಿಯಂದಿರ ಮನೆಗೆ ಹೋಗಿದ್ದೆವು. ಬಿಸಿಲು ಮೂವತ್ತೈದು ಡಿಗ್ರಿ ದಾಟಿತ್ತು. ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತೂ ಮುಕ್ಕಾಲು! ಆ ತಿಂಗಳ ಕೊನೆಯ ಶನಿವಾರ ಕಟ್ಟಡದ ತಾರಸಿಯ ಮೇಲೆ ನೆರೆಹೊರೆಯವರ ಸಂತೋಷಕೂಟವಿತ್ತು. ನಮ್ಮ ಮನೆಯ ಪಾಲಿಗೆ ಬಂದದ್ದು ಸಂಗ್ರಿಯಾ. ಮಗಳು ಈ ವಿಷಯವನ್ನು ಎರಡು ದಿನ ನನ್ನಿಂದ ಮುಚ್ಚಿಟ್ಟಿದ್ದಳು. ಅಡುಗೆಮನೆಯ ಕಪಾಟಿನ ಹಿಂದೆ ಬಟ್ಟೆ ಸುತ್ತಿದ್ದ ಎರಡು ಬಾಟಲಿಗಳನ್ನು ಕಂಡಾಗಲೇ ನನಗೆ ತಿಳಿದದ್ದು.

“ಅಪ್ಪಾ, ನಿಮಗೆ ಬೇಸರವಾಗಬಹುದೆಂದು...” ಎಂದು ತಡವರಿಸಿದಳು.

ಬಟ್ಟೆ ಸುತ್ತಿದ ಆ ಬಾಟಲಿಗಳನ್ನು ಕಂಡು ನನಗೆ ಅಣ್ಣನ ನೆನಪಾಯಿತು. ನಮ್ಮಣ್ಣ ಸಾರಾಯಿಯ ಪ್ಯಾಕೆಟ್ಟುಗಳನ್ನು ಹೀಗೆಯೇ ಅಟ್ಟದ ಮೇಲೆ ಹಳೆಯ ಪಂಚೆಯಲ್ಲಿ ಸುತ್ತಿಡುತ್ತಿದ್ದ. 1994ರಲ್ಲಿ, ನಲವತ್ತೊಂದನೆಯ ವಯಸ್ಸಿನಲ್ಲಿ, ಯಕೃತ್ತು ಕೆಟ್ಟು ರಕ್ತ ಕಾರಿ ತೀರಿಕೊಂಡ. ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರಲ್ಲಿ. ಅಷ್ಟರಲ್ಲಿ ಅತ್ತಿಗೆಯ ತಲೆಗೂದಲೆಲ್ಲ ನೆರೆತಿತ್ತು. ಸ್ಪ್ಯಾನಿಷ್ ಭಾಷೆಯಲ್ಲಿ ‘ಸಾಂಗ್ರೆ’ ಎಂದರೆ ರಕ್ತವೆಂದೂ, ಬಣ್ಣದಿಂದಾಗಿ ಪಾನೀಯಕ್ಕೆ ಆ ಹೆಸರೆಂದೂ ಅಳಿಯಂದಿರು ವಿವರಿಸಿದಾಗ ನಾನು ಮಾತನಾಡಲಿಲ್ಲ.

ಆದರೂ ಶನಿವಾರ ಬೆಳಿಗ್ಗೆ ಚಾಕು ಹಿಡಿದು ಹಣ್ಣು ಹೆಚ್ಚಲು ಕುಳಿತೆ. ಮಗಳು ಬೆರಗಾಗಿ ನೋಡಿದಳು. ಮೇಲಿನ ಮನೆಯ ಅಜ್ಜಿ ಬಂದು ಕ್ರಮ ಹೇಳಿಕೊಟ್ಟರು, ಮಗಳು ಕನ್ನಡಕ್ಕೆ ತಂದಳು. ಎರಡು ಕಿತ್ತಳೆ, ಒಂದು ನಿಂಬೆ, ಎರಡು ಪೀಚ್, ಒಂದು ಸೇಬು. ಕಿತ್ತಳೆಯ ಸಿಪ್ಪೆಯ ಒಳಗಿನ ಬಿಳಿಯ ಪದರ ಉಳಿಯಬಾರದು, ಕಹಿ ಬಿಡುತ್ತದೆ. ಹಣ್ಣಿನ ಮೇಲೆ ನಾಲ್ಕು ಚಮಚ ಸಕ್ಕರೆ ಉದುರಿಸಿ ಅರ್ಧ ಗಂಟೆ ಬಿಟ್ಟರೆ ತಳದಲ್ಲಿ ರಸ ನಿಲ್ಲುತ್ತದೆ. ಒಂಬತ್ತನೆಯ ತರಗತಿಯ ಆಲೂಗಡ್ಡೆಯ ಪ್ರಯೋಗ ನೆನಪಿದೆಯೇ? ಇದೂ ಅದೇ ಅಭಿಸರಣೆ! ಬಳಿಕ ಒಂದು ತುಂಡು ಚಕ್ಕೆ, ಮುಕ್ಕಾಲು ಲೀಟರಿನ ಎರಡು ಬಾಟಲಿ ವೈನ್. ಕೆಲವರು ಬ್ರಾಂದಿಯನ್ನೂ ಸೇರಿಸುತ್ತಾರೆ, ಅಜ್ಜಿ ಬೇಡವೆಂದರು. ನಾಲ್ಕೈದು ಗಂಟೆ ಫ್ರಿಜ್ಜಿನಲ್ಲಿಟ್ಟು, ಬಡಿಸುವ ಹೊತ್ತಿಗೆ ಅರ್ಧ ಲೀಟರ್ ‘ಗಸೆಯೋಸಾ’, ಅಂದರೆ ಕೊಂಚ ಸಿಹಿಯಾದ ಸೋಡಾ, ಮತ್ತು ಮಂಜುಗಡ್ಡೆ. ಐರೋಪ್ಯ ಒಕ್ಕೂಟದ ನಿಯಮದಂತೆ ಸ್ಪೇನ್ ಮತ್ತು ಪೋರ್ಚುಗಲ್‌ಗಳಲ್ಲಿ ತಯಾರಾದುದನ್ನು ಮಾತ್ರ ಬರಿಯ ಸಂಗ್ರಿಯಾ ಎಂಬ ಹೆಸರಿನಲ್ಲಿ ಮಾರಬಹುದಂತೆ.

ನೋಡಲು ನಮ್ಮ ರಾಮನವಮಿಯ ಪಾನಕದಷ್ಟೇ ಸಾಧು. ಆದರೆ ಮೇಷ್ಟರ ಲೆಕ್ಕ ಬಿಡುವುದೇ? ವೈನಿನಲ್ಲಿ ಶೇಕಡಾ 13 ಆಲ್ಕೋಹಾಲ್ ಇತ್ತು. ಒಂದೂವರೆ ಲೀಟರನ್ನು ಸೋಡಾ ಬೆರೆಸಿ ಎರಡು ಲೀಟರ್ ಮಾಡಿದರೂ ಶೇಕಡಾ 10ರ ಹತ್ತಿರವೇ ಉಳಿಯುತ್ತದೆ. ಸಿಹಿ ಅದನ್ನು ಮರೆಮಾಡುತ್ತದೆ, ಅಷ್ಟೆ. ನೆನೆದ ಹಣ್ಣಿನೊಳಗೂ ಅದು ಸೇರಿರುತ್ತದೆ. ಕೂಟದಲ್ಲಿ ಮಕ್ಕಳಿದ್ದರು. ಆದ್ದರಿಂದ ‘ಮೋಸ್ತೊ’ ಎಂಬ, ಹುದುಗಿಸದ ದ್ರಾಕ್ಷಿರಸವನ್ನು ತರಿಸಿ, ಅದೇ ಹಣ್ಣುಗಳನ್ನು ಹಾಕಿ ಎರಡನೆಯ ಹೂಜಿ ಸಿದ್ಧಪಡಿಸಿದೆ. ವೈನಿನ ಹೂಜಿಯ ಕುತ್ತಿಗೆಗೆ ಕೆಂಪು ದಾರ ಕಟ್ಟಿದೆ. ಸಂಜೆ ಆರು ವರ್ಷದ ಹುಡುಗನೊಬ್ಬ ದಾರದ ಹೂಜಿಯಿಂದಲೇ ಪೀಚ್ ಹೋಳು ತೆಗೆಯಲು ಕೈ ಹಾಕಿದಾಗ, ಭಾಷೆ ಬಾರದ ನಾನು ಕನ್ನಡದಲ್ಲಿಯೇ “ಏಯ್, ಬೇಡ!” ಎಂದು ಗದರಿದೆ. ತಕ್ಷಣ ಕೈ ಹಿಂದೆಗೆದ! ಮೇಷ್ಟರ ಧ್ವನಿಗೆ ಅನುವಾದ ಬೇಕಿಲ್ಲವೆಂದು ನನ್ನಾಕೆ ನಕ್ಕಳು.

ಆಗಲೇ ಕಂಡದ್ದು: ನನ್ನತ್ತ ತಿರುಗಿದ ಮಗಳು ತನ್ನ ಲೋಟವನ್ನು ಸೆರಗಿಲ್ಲದ ಉಡುಪಿನ ಹಿಂದೆ ಅಡಗಿಸಲು ಹೆಣಗುತ್ತಿದ್ದಳು. ಪಕ್ಕಕ್ಕೆ ಕರೆದು ಹೇಳಿದೆ: “ಬಚ್ಚಿಡಬೇಡ, ಪುಟ್ಟಿ. ನಿಮ್ಮ ದೊಡ್ಡಪ್ಪ ಬಚ್ಚಿಟ್ಟ. ಮನೆತನದ ಮರ್ಯಾದೆಯೆಂದು ನಾವೂ ಊರಿನಿಂದ ಬಚ್ಚಿಟ್ಟೆವು. ಆಸ್ಪತ್ರೆಗೆ ಕರೆದೊಯ್ಯುವ ಹೊತ್ತಿಗೆ ತಡವಾಗಿತ್ತು.” ಅಣ್ಣನ ಸಾವಿನ ನಿಜವಾದ ಕಾರಣವನ್ನು ಅವಳಿಗೆ ಹೇಳಿದ್ದು ಅಂದೇ ಮೊದಲು. ಅವಳು ಬಹಳ ಹೊತ್ತು ನನ್ನ ಕೈ ಹಿಡಿದುಕೊಂಡಿದ್ದಳು. ಲೋಟ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತಿತ್ತು.

ನಾನು ಕುಡಿದದ್ದು ದಾರವಿಲ್ಲದ ಹೂಜಿಯಿಂದ. ಮದ್ಯದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಕುಡಿಯದಿರುವುದೇ ಲೇಸು. ಆದರೆ ನನ್ನ ಪಾಠದಲ್ಲಿ ಒಂದು ಲೋಪವಿತ್ತು. ‘ಬೇಡ’ ಎಂದು ಹೇಳಿದೆನೇ ಹೊರತು, ಅಭ್ಯಾಸಕ್ಕೆ ಸಿಕ್ಕಿಬಿದ್ದವನು ಯಾರ ಬಳಿ ಹೋಗಿ ಹೇಳಿಕೊಳ್ಳಬೇಕೆಂದು ಒಂದು ದಿನವೂ ಹೇಳಲಿಲ್ಲ. ನಿಮ್ಮಲ್ಲಿ ಯಾರಾದರೂ ಹಾಗೆ ಸಿಕ್ಕಿಕೊಂಡಿದ್ದರೆ ಮನೆಯವರ ಮುಂದೆ ಬಾಯಿಬಿಡಿ, ವೈದ್ಯರಲ್ಲಿಗೆ ಹೋಗಿ. ಯಾರೂ ಇಲ್ಲವೆನಿಸಿದರೆ ನಮ್ಮ ಮನೆಗೆ ಬನ್ನಿ. ಈಗ ಗದರುವುದಿಲ್ಲ.