ಬುಡವಿರುವ ಉಣ್ಣೆ

ಆಸ್ಟ್ರೇಲಿಯಾದಲ್ಲಿ ‘ಅಗ್’ ಎಂದರೆ ಯಾವುದೋ ಕಂಪನಿಯ ಹೆಸರಲ್ಲ, ಕುರಿಚರ್ಮದ ಬೂಟಿಗೆ ಜನ ಬಳಸುವ ಮಾತು. ಅಲ್ಲಿ ಯಾರು ಬೇಕಾದರೂ ಆ ಹೆಸರಲ್ಲಿ ಬೂಟು ಹೊಲಿದು ಮಾರಬಹುದು. ಅಮೆರಿಕದಲ್ಲಿ ಮಾತ್ರ ಅದು 1995ರಲ್ಲಿ ಬ್ರ್ಯಾಂಡನ್ನು ಕೊಂಡ ಡೆಕ್ಕರ್ಸ್ ಕಂಪನಿಯ ಸ್ವತ್ತು. ಹೀಗಿರುವಾಗ ಹೆಸರು ನೋಡಿ ಅಸಲಿಯೋ ಅಲ್ಲವೋ ಹೇಳುವುದು ಕಷ್ಟ.

ಬೆರಳಿಗೆ ಅದು ಸುಲಭ. ಬೂಟಿನೊಳಗೆ ಕೈಯಿಟ್ಟು ಉಣ್ಣೆಯನ್ನು ಬಿಡಿಸಿ ನೋಡಬೇಕು. ಅಂಟಿಸಿದ್ದಾದರೆ ಬುಡದಲ್ಲಿ ಬಟ್ಟೆ ಕಾಣುತ್ತದೆ. ಅಸಲಿಯಾದರೆ ಕೂದಲು ಚರ್ಮದಿಂದಲೇ ಎದ್ದಿರುತ್ತದೆ. ಒಳಗಿನ ಉಣ್ಣೆ, ಹೊರಗಿನ ಮೆತ್ತನೆಯ ಮೈ ಒಂದೇ ತೊಗಲಿನ ಎರಡು ಮಗ್ಗುಲು. ಈ ಉಣ್ಣೆ ಬೆವರು ಹೀರಿಕೊಂಡರೂ ಕಾಲಿಗೆ ಒದ್ದೆ ಅನ್ನಿಸುವುದಿಲ್ಲ. ಅದಕ್ಕೇ ಹಲವರು ಸಾಕ್ಸ್ ಇಲ್ಲದೆ ಬರಿಗಾಲಿಗೇ ಹಾಕುತ್ತಾರೆ.

ನಮ್ಮ ಕಂಬಳಿಯ ಉಣ್ಣೆಯೂ ಕುರಿಯದೇ. ಆದರೆ ಕುರುಬರು ಉಣ್ಣೆ ಕತ್ತರಿಸಿಕೊಂಡ ಮೇಲೆ ಕುರಿ ಮೈ ಕೊಡವಿಕೊಂಡು ಮತ್ತೆ ಮೇಯಲು ಹೋಗುತ್ತದೆ. ಬುಡಸಮೇತ ಉಣ್ಣೆ ಬೇಕೆಂದರೆ ಕುರಿ ಉಳಿಯುವುದಿಲ್ಲ. ಸಾಮಾನ್ಯವಾಗಿ ಮಾಂಸಕ್ಕೆಂದು ಕೊಂದ ಕುರಿಯ ತೊಗಲನ್ನೇ ಬಳಸುತ್ತಾರೆ ಎಂಬ ಸಮಾಧಾನವಿದೆ, ಅದು ಸುಳ್ಳೇನಲ್ಲ. ಆದರೂ ಅಂಗಡಿಯಲ್ಲಿ ನಿಂತು ‘ಅಸಲಿಯೇ ಕೊಡಿ’ ಎನ್ನುವಾಗ ಏನನ್ನು ಕೇಳುತ್ತಿದ್ದೇವೆ ಎಂಬ ಅರಿವಿರಬೇಕು.

ಅರಿತು ಕೊಂಡದ್ದನ್ನು ಒಂದೇ ಚಳಿಗಾಲಕ್ಕೆ ಎಸೆಯಲು ಮನಸ್ಸು ಬರಬಾರದು. ನೆನೆದರೆ ಬೆಂಕಿಯ ಹತ್ತಿರ ಇಡದೆ ನೆರಳಲ್ಲಿ ಒಣಗಿಸಿ, ಧೂಳನ್ನು ಬ್ರಷ್‌ನಿಂದ ಕೊಡವಿ, ಅಟ್ಟೆ ಸವೆದರೆ ಹೊಸದು ಹಾಕಿಸಿ ವರ್ಷಗಟ್ಟಲೆ ಮೆಟ್ಟಬೇಕು. ಆ ಕುರಿಗೆ ನಾವು ಕೊಡಬಹುದಾದ ಮರ್ಯಾದೆ ಅಷ್ಟೇ.