ಕಾಕಾನ 23 ವಿಮಾನಗಳ ಲೆಕ್ಕ

(1/4)
ಸ್ವೈಪ್ ಮಾಡ್ರಿ ದೋಸ್ತ್‌ಗಳೇ. ಮೊದಲ ಫೋಟೋದಾಗ ಇರೋದು ನಮ್ಮ ಕಾಕಾನ ಟ್ರಂಕು. ಒಳಗ 23 ವಿಮಾನ ಅವ. ಕೆಲವು ಬೆರಳುದ್ದ, ಕೆಲವು ಮೊಳದುದ್ದ.

ಬೀದರ್‌ದವರಿಗೆ ವಿಮಾನ ಹೊಸದಲ್ಲ. ನಮ್ಮ ಮನ್ನಳ್ಳಿ ಹೊಲದಾಗ ನಿಂತ್ರೂ ತರಬೇತಿ ಜೆಟ್ಟಿನ ಸದ್ದು ಕೇಳ್ತದ. ಸೂರ್ಯಕಿರಣ್ ತಂಡ 1996ರಲ್ಲಿ ಹುಟ್ಟಿದ್ದೇ ಬೀದರ್ ವಾಯುನೆಲೆಯಲ್ಲಿ. ಮೊದಲು ಅವರು ಹಾರಿಸ್ತಿದ್ದದ್ದು ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಕಿರಣ್. 2011ರಲ್ಲಿ ತಂಡ ನಿಂತುಹೋಯ್ತು, ಮುಂದ ಹಾಕ್ ಜೆಟ್ ಜೊತೆ ಮತ್ತ ಶುರುವಾಯ್ತು. ಕಾಕಾಗ ಈ ಹುಚ್ಚು ಹತ್ತಿದ್ದು ಆ ಕೆಂಪು-ಬಿಳಿ ಕಿರಣ್ ನೋಡಿ. ಹೈದರಾಬಾದ್‌ನಲ್ಲಿ ನೌಕರಿ ಮಾಡ್ತಾ, ವರ್ಷಕ್ಕೆ ಒಂದೋ ಎರಡೋ ಮಾದರಿ ವಿಮಾನ ಕೊಳ್ತಿದ್ರು.

ಎರಡು ವರ್ಷದ ಹಿಂದ ಕಾಕಾ ತೀರಿಕೊಂಡ್ರು. ಈ ವರ್ಷ ಅವರ ಮಗಳು, ಅಂದ್ರ ನನ್ನ ತಂಗಿ, ಪಿಯುಸಿ ಸೇರಿದಳು. ಹಾಸ್ಟೆಲ್‌ಗೆ ₹30,000 ಕಟ್ಟಬೇಕಿತ್ತು. ಒಬ್ಬ ವ್ಯಾಪಾರಿ ಟ್ರಂಕ್ ಸಮೇತ ಎಲ್ಲಾ ಸೇರಿ ₹18,000 ಕೊಡ್ತೀನಿ ಅಂದ. ಕಾಕಿ ನನ್ನ ಕರೆದು ಕೇಳಿದ್ರು: “ನೀ ಬಿಕಾಂ ಓದಾಕತ್ತಿ ಅಲ್ಲ? ಈ ರೇಟ್ ಸರಿ ಅದನೋ ಇಲ್ಲೋ, ಲೆಕ್ಕ ಹಾಕಿ ಹೇಳು.”

(2/4)
ಮೊದಲ ಕೆಲಸ ಪಟ್ಟಿ. ಮೊಬೈಲ್‌ನಲ್ಲೇ ಗೂಗಲ್ ಶೀಟ್ ತೆರೆದೆ. ಒಂದು ವಿಮಾನಕ್ಕೆ ಒಂದು ಸಾಲು: ಹೆಸರು, ಏರ್‌ಲೈನ್, ತಯಾರಿಸಿದ ಕಂಪನಿ, ಡಬ್ಬಿ ಮೇಲಿನ ನಂಬರ್, ಸ್ಕೇಲ್, ಸ್ಥಿತಿ, ಡಬ್ಬಿ ಅದನೋ ಇಲ್ಲೋ, ಕೊಂಡ ಬೆಲೆ, ಫೋಟೋ ಲಿಂಕ್.

ಡಬ್ಬಿ ಇಲ್ಲದ್ದರ ಸ್ಕೇಲ್ ಹೆಂಗ ಗೊತ್ತಾಗ್ತದ? ಪಟ್ಟಿ ಹಿಡಿದು ಅಳೀರಿ. ಬೋಯಿಂಗ್ 747-400 ನಿಜದಲ್ಲಿ 70 ಮೀಟರ್‌ಗಿಂತ ಸ್ವಲ್ಪ ಉದ್ದ. ನಿಮ್ಮ ಕೈಯಾಗಿನ ಮಾದರಿ ಸುಮಾರು 17.7 ಸೆಂ.ಮೀ. ಇದ್ರ ಅದು 1:400. ಸುಮಾರು 35 ಸೆಂ.ಮೀ. ಇದ್ರ 1:200. ಸ್ಕೇಲ್ ತಪ್ಪಿದ್ರ ಬೆಲೆನೂ ತಪ್ಪಿತು ಅಂತನೇ ತಿಳೀರಿ.

ಸ್ಥಿತಿ ನೋಡುವಾಗ ಬಣ್ಣ ಅಷ್ಟೇ ಅಲ್ಲ, ಲೋಹನೂ ನೋಡಬೇಕು. ನಮ್ಮ ಬಿದ್ರಿ ಪಾತ್ರೆ ಹೆಂಗ ಸತು, ತಾಮ್ರ ಸೇರಿಸಿ ಎರಕ ಹೊಯ್ದದ್ದೋ, ಡೈಕಾಸ್ಟ್ ಮಾದರಿನೂ ಸತುವಿನ ಮಿಶ್ರಲೋಹವೇ. ಎರಕದಲ್ಲಿ ಸೀಸದ ಕಲಬೆರಕೆ ಇದ್ರ ವರ್ಷಗಳ ಮೇಲೆ ಒಳಗಿಂದೊಳಗ ಉಬ್ಬಿ ಬಿರುಕು ಬಿಡ್ತದ. ಸಂಗ್ರಹಕಾರರು ಇದಕ್ಕೆ ಜಿಂಕ್ ಪೆಸ್ಟ್ ಅಂತಾರ, ಔಷಧಿ ಇಲ್ಲದ ರೋಗ. ನಮ್ಮ ಟ್ರಂಕ್‌ನಲ್ಲಿ ಎರಡು ಹಳೆಯವಕ್ಕೆ ರೆಕ್ಕೆ ಬುಡದಾಗ ಬಿರುಕು ಇತ್ತು. ಅದನ್ನ ಶೀಟ್‌ನಲ್ಲಿ ಬರೆದೆ, ಕೊಳ್ಳೋರಿಗೂ ಹೇಳೋದೇ ಅಂತ ಆಗಲೇ ನಿರ್ಧಾರ ಮಾಡಿದೆ.

(3/4)
ಈಗ ಬೆಲೆ. ಏರ್ ಇಂಡಿಯಾ ಜಂಬೋ, 1:400. ಕೊನೆಯ ಜಂಬೋ 2024ರಲ್ಲಿ ಮುಂಬೈ ಬಿಟ್ಟು ಹೋದಮೇಲೆ ಇನ್ನು ಇಂಥಾವು ಆಕಾಶದಾಗ ಕಾಣೋದಿಲ್ಲ ಅಂತ ಕೇಳೋರು ಅವರೆ. ಆನ್‌ಲೈನ್‌ನಲ್ಲಿ ಒಬ್ಬ ₹11,000 ಅಂತ ಹಾಕಿದ್ದ. ಕಾಕಿ ಕಣ್ಣು ಅರಳಿದವು.

ಆದ್ರ ಅದು ಕೇಳಿದ ಬೆಲೆ, ಯಾರೂ ಕೊಟ್ಟದ್ದಲ್ಲ. ಗಾಂಧಿಗಂಜ್‌ಗೆ ಸೋಯಾ ಒಯ್ದಾಗ ಮನಸಿನಾಗ ಇಟ್ಟ ರೇಟ್ ಬರ್ತದೇನು? ಪಟ್ಟಿಯಲ್ಲಿ ಬರೆದ ರೇಟ್ ಬರ್ತದ, ಅದರಾಗೂ ಹಮಾಲಿ ಮುರ್ಕೊಂಡು. ಇಲ್ಲಿನೂ ಹಂಗೇ. ಈಬೇಯಲ್ಲಿ ‘ಸೋಲ್ಡ್ ಐಟಮ್ಸ್’ ಅಂತ ಫಿಲ್ಟರ್ ಹಾಕ್ರಿ, ನಿಜವಾಗಿ ಮಾರಾಟವಾದ ಬೆಲೆ ಕಾಣ್ತದ. ಡಾಲರ್‌ನಲ್ಲಿ ಇರ್ತದ, ಅದಕ್ಕ ನೋಡಿದ ತಾರೀಖು ಮತ್ತ ಅವತ್ತಿನ ರೂಪಾಯಿ ದರ ಎರಡಕ್ಕೂ ಕಾಲಂ ಇಡ್ರಿ.

ನನಗ ಸಿಕ್ಕ ಐದು ಮಾರಾಟ: 4,200, 4,600, 5,000, 5,300, 9,800. ಸರಾಸರಿ ತೆಗೆದ್ರ 5,780. ಆದ್ರ ಆ 9,800 ಸೀಲ್ ಒಡೆಯದ ಡಬ್ಬಿದು, ಒಂದೇ ಎಲ್ಲಾ ಮೇಲಕ್ಕೆ ಎಳೀತದ. ನಡುವಿನದು, ಅಂದ್ರ ಮೀಡಿಯನ್, 5,000. ನಮ್ಮ ಡಬ್ಬಿ ಹರಿದಿತ್ತು, ಅದಕ್ಕ 4,200 ಹಿಡಿದೆ. ಪ್ಯಾಕಿಂಗ್, ಕೊರಿಯರ್ 450 ಕಳೆದ್ರ ಕೈಗೆ 3,750.

ಕಾಕಾ ಕೊಂಡದ್ದು 3,200ಕ್ಕೆ. ಎಎಸ್-2 ನೆನಪದ? ಸ್ಟಾಕ್ ಇದ್ರ ಕೊಂಡ ಬೆಲೆ, ನಿವ್ವಳ ಮಾರಾಟ ಮೌಲ್ಯ, ಎರಡರಾಗ ಕಡಿಮೆ ಯಾವುದೋ ಅದು. ಬ್ಯಾಲೆನ್ಸ್ ಶೀಟ್‌ಗೆ 3,200 ಸರಿ. ಆದ್ರ ಕಾಕಿ ಕೇಳಿದ್ದು ಬ್ಯಾಲೆನ್ಸ್ ಶೀಟ್ ಅಲ್ಲ, ಮಾರಿದ್ರ ಕೈಗೆ ಎಷ್ಟು ಬರ್ತದ ಅಂತ. ಅದಕ್ಕ ಉತ್ತರ 3,750.

(4/4)
ಹಿಂಗ 22 ವಿಮಾನಕ್ಕ ಲೆಕ್ಕ ಹಾಕಿದೆ. ಒಟ್ಟು ₹46,350.

23ನೇದು ಕೊನೆಯ ಫೋಟೋದಾಗ ಅದ. ಸೂರ್ಯಕಿರಣ್ ಬಣ್ಣದ ಕಿರಣ್. ಅಂಗಡಿಯಲ್ಲಿ ಸಿಗಲಿಲ್ಲ ಅಂತ ಕಾಕಾ ಸಾಗವಾನಿ ತುಂಡಿನಾಗ ತಾವೇ ಕೆತ್ತಿ ಬಣ್ಣ ಹಚ್ಚಿದ್ದು. ಒಂದು ರೆಕ್ಕೆ ಇನ್ನೊಂದಕ್ಕಿಂತ ದಪ್ಪ. ಇಂಥಾದ್ದು ಎಲ್ಲೂ ಮಾರಾಟ ಆಗಿಲ್ಲ, ಹೋಲಿಸಾಕ ಏನೂ ಇಲ್ಲ. ವ್ಯಾಪಾರಿ ಅದನ್ನ ನೋಡಿ “ಇದು ಜೀರೋ” ಅಂದಿದ್ದ.

ನಾನು ಆ ಕಾಲಂನಲ್ಲಿ ಸೊನ್ನೆ ಬರೀಲಿಲ್ಲ, ಖಾಲಿ ಬಿಟ್ಟೆ. ಶೀಟ್‌ಗೂ ಈ ವ್ಯತ್ಯಾಸ ಗೊತ್ತದ. ಖಾಲಿ ಬಿಟ್ರ ಸರಾಸರಿ 22 ವಿಮಾನಕ್ಕ ₹2,107. ಸೊನ್ನೆ ಬರೆದ್ರ 23ಕ್ಕ ಭಾಗ ಆಗಿ ₹2,015. ಸೊನ್ನೆ ಅಂದ್ರ ಬೆಲೆ ನೋಡಿದೀವಿ, ಏನೂ ಇಲ್ಲ ಅಂತ. ಖಾಲಿ ಅಂದ್ರ ಇದನ್ನ ಬಾಜಾರಕ್ಕ ಒಯ್ದಿಲ್ಲ ಅಂತ.

ಕಾಕಿ ಶೀಟ್ ಪೂರಾ ಕೇಳಿದ್ರು, ಒಂದೊಂದೇ ಸಾಲು. ಆಮೇಲೆ ತಂಗಿನ ಕೂಡಿಸಿಕೊಂಡು ಅವರಿಬ್ಬರೇ ಆರಿಸಿದ್ರು. ಸಂಗ್ರಹಕಾರರಿಗೆ ಬಿಡಿಬಿಡಿಯಾಗಿ 13 ಮಾರಿದ್ವಿ, ₹31,400 ಬಂತು. ಫೀ ಕಟ್ಟಿ ಆಯ್ತು. ಒಂಬತ್ತು ಇನ್ನೂ ಟ್ರಂಕ್‌ನಲ್ಲಿ ಅವ. ಕಿರಣ್ ತಂಗಿ ಜೊತೆ ಹಾಸ್ಟೆಲ್‌ಗೆ ಹೋಯ್ತು.

ನಿಮ್ಮ ಮನ್ಯಾಗೂ ನಾಣ್ಯ, ಸ್ಟಾಂಪ್, ಹಳೇ ವಾಚು ಇರ್ತಾವ. ಯಾರಾದ್ರೂ ಬಂದು ಒಟ್ಟಾರೆ ರೇಟ್ ಹೇಳೋಕ್ಕಿಂತ ಮೊದಲು ನೀವೇ ಒಂದು ಪಟ್ಟಿ ಮಾಡ್ರಿ. ಕೂಡಿಟ್ಟವರು ಇನ್ನೂ ಇದ್ರ, ಅವರ ಪಕ್ಕಕ್ಕೇ ಕುಂತು ಮಾಡ್ರಿ. ಯಾವುದು ಎಲ್ಲಿಂದ ಬಂತು ಅಂತ ಅವರಿಗಷ್ಟೇ ಗೊತ್ತಿರ್ತದ. ನನ್ನ ಶೀಟ್‌ನಲ್ಲಿ ಆ ಕಾಲಂ ಅರ್ಧ ಖಾಲಿ ಅದ.

ಖಾಲಿ ಶೀಟ್ ಬೇಕಾದ್ರ ಕಾಮೆಂಟ್‌ನಲ್ಲಿ ‘ಪಟ್ಟಿ’ ಅಂತ ಹಾಕ್ರಿ, ಕಳಸ್ತೀನಿ.

#ಮನ್ನಳ್ಳಿ #ಬೀದರ್ #ಬಿಕಾಂಹುಡುಗರು #ಮಾದರಿವಿಮಾನ #ಸೂರ್ಯಕಿರಣ್